ಫೆಬ್ರವರಿ ಇಪ್ಪತ್ತೊಂಬತ್ತರ ಕಾರ್ಡು

ನಾನು ಒಂದು ಕಾರ್ಡು. ಅಂಗೈಗಿಂತ ತುಸು ದೊಡ್ಡವನು. ನನ್ನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 'ಫೆಬ್ರವರಿ 29' ಎಂದು ಬರೆದಿದೆ. ನಾನಿರುವ ಮರದ ಪೆಟ್ಟಿಗೆಯಲ್ಲಿ ಇನ್ನೂ ಮುನ್ನೂರ ಅರವತ್ತೈದು ಕಾರ್ಡುಗಳಿವೆ, ವರ್ಷದ ದಿನಕ್ಕೊಂದರಂತೆ. ಅವರೆಲ್ಲ ವರ್ಷಕ್ಕೊಮ್ಮೆ ಹೊರಗೆ ಹೋಗಿ ಬಿಸಿಲು ಕಂಡು, ಹುಡುಗಿಯರ ಬೆವರುಗೈಯಲ್ಲಿ ಓದಿಸಿಕೊಂಡು, ಸಂಜೆಯವರೆಗೂ ಅದೇ ಸುದ್ದಿ ಹೇಳಿಕೊಳ್ಳುತ್ತಾರೆ. ನನ್ನ ಸರದಿ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಅದೂ ಆ ದಿನ ಭಾನುವಾರ ಬೀಳದಿದ್ದರೆ.

ನಾನು ಹುಟ್ಟಿದ್ದು 1974ರ ಜನವರಿಯಲ್ಲಿ, ಗುಳೇದಗುಡ್ಡದ ಒಂದು ಸಣ್ಣ ಮುದ್ರಣಾಲಯದಲ್ಲಿ. ಆಗ ನಾನು ದಿನದ ಕಾರ್ಡು ಆಗಿರಲಿಲ್ಲ. ಲಗ್ನಪತ್ರಿಕೆಯಾಗಿದ್ದೆ. ಹೊರಗೆ ಬೀದಿಯುದ್ದಕ್ಕೂ ಕುಪ್ಪಸದ ಕಣದ ಬಟ್ಟೆ ನೇಯುವ ಮಗ್ಗಗಳ ಸದ್ದು, ಒಳಗೆ ಕಾಲಲ್ಲಿ ತುಳಿಯುವ ಮುದ್ರಣಯಂತ್ರದ ಸದ್ದು. ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ದಾವಲಸಾಬ ನದಾಫ. ಇಪ್ಪತ್ತಾರರ ಪ್ರಾಯ, ಬೆರಳುಗಳೆಲ್ಲ ಕಪ್ಪು. ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ, ಆದರೆ ಅಚ್ಚಿನ ಮೊಳೆಯಲ್ಲಿ ತಿರುಗುಮುರುಗಾಗಿ ಕೂತ ಅಕ್ಷರವನ್ನು ಸರಸರ ಓದುತ್ತಿದ್ದ. ನಾನು ಹಳದಿ ಕಾಗದದ ಮೇಲೆ ಮೂಡಿದ ಮೊದಲ ಪ್ರತಿ. ಮುದ್ರಣಾಲಯದವರು ನನ್ನಂಥವರಿಗೆ ಪ್ರೂಫ್ ಎನ್ನುತ್ತಾರೆ. ತಪ್ಪು ಹುಡುಕಲೆಂದೇ ಹುಟ್ಟಿಸಿದ ಮಗು ಎಂದು ತಿಳಿಯಿರಿ.

ವಧುವಿನ ಹೆಸರು ನೀಲಾಂಬಿಕಾ ಮದ್ದಾನಿ. ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅಕ್ಕೋರು. ಯಾವ ಯುದ್ಧ ಯಾವ ತಾರೀಖು ಎಂದು ಮಲಗಿದ್ದಾಗ ಎಬ್ಬಿಸಿ ಕೇಳಿದರೂ ಹೇಳುವವರು. ದಾವಲಸಾಬ ನನ್ನನ್ನು ಸೈಕಲ್ಲಿನಲ್ಲಿ ಅವರ ಮನೆಗೆ ಒಯ್ದ. ಅವರು ಹೊಸ್ತಿಲಲ್ಲಿ ನಿಂತೇ ನನ್ನನ್ನು ಓದಿದರು. ಅಜ್ಜನ ಹೆಸರಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. ಅದನ್ನು ತಿದ್ದಿ, ಕೆಳಗೆ ನೀಲಿ ಶಾಯಿಯಲ್ಲಿ 'ಉಳಿದದ್ದೆಲ್ಲ ಸರಿ ಇದೆ' ಎಂದು ಬರೆದು ಸಹಿ ಹಾಕಿದರು. ಆ ಹೊತ್ತು ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆ ನೋಡಲು ಬಹಳ ವರ್ಷ ಕಾಯಬೇಕಾಯಿತು.

ಉಳಿದದ್ದೆಲ್ಲ ಸರಿ ಇರಲಿಲ್ಲ. ಅಕ್ಕೋರ ಅಪ್ಪ ಕೊಟ್ಟ ಚೀಟಿಯಲ್ಲಿ ಮುಹೂರ್ತ 'ಫೆಬ್ರವರಿ 28ರ ಮರುದಿನ, ಶುಕ್ರವಾರ' ಎಂದಿತ್ತು. ಹಿರಿಯರು ದಿನ ಹೇಳುವುದೇ ಹಾಗೆ, ಹಬ್ಬದ ಮರುದಿನ, ಅಮಾವಾಸ್ಯೆಯ ಮೂರನೆಯ ದಿನ ಎಂದು. ದಾವಲಸಾಬ ಇಪ್ಪತ್ತೆಂಟಕ್ಕೆ ಒಂದು ಕೂಡಿಸಿ ಇಪ್ಪತ್ತೊಂಬತ್ತು ಜೋಡಿಸಿದ. ಆ ವರ್ಷದ ಫೆಬ್ರವರಿ ಇಪ್ಪತ್ತೆಂಟಕ್ಕೇ ಮುಗಿಯುತ್ತಿತ್ತು. ಮದುವೆ ಇದ್ದದ್ದು ಮಾರ್ಚ್ ಒಂದಕ್ಕೆ. ಹೀಗೆ ನಾನು, ಇಲ್ಲದ ದಿನಕ್ಕೆ ನೂರಾರು ಜನರನ್ನು ಊಟಕ್ಕೆ ಕರೆದ ಕಾರ್ಡು.

ನಾಲ್ಕು ನೂರು ಪ್ರತಿ ಅಚ್ಚಾದವು. ಮೊದಲ ಇಪ್ಪತ್ತು ಗಂಡಿನ ಮನೆಗೆ ಹೋದವು. ಅಲ್ಲಿನ ಹಿರಿಯರೊಬ್ಬರು ಗೋಡೆಯ ಕ್ಯಾಲೆಂಡರಿನ ಎದುರು ಕಾರ್ಡು ಹಿಡಿದು ನೋಡಿದರಂತೆ. ಕ್ಯಾಲೆಂಡರಿನೊಳಗೇ ಇಲ್ಲದ ದಿನ ಲಗ್ನ ಇಟ್ಟರೆ ಮುಂದೆ ಸಂಸಾರ ಎಲ್ಲಿ ಇಡುತ್ತಾರೆ ಎಂದರಂತೆ. ಅಪಶಕುನ ಎಂಬ ಮಾತು ಎದ್ದಿತು. ಬೇರೆ ಕಾರ್ಡು ಅಚ್ಚು ಹಾಕಿಸುತ್ತೇವೆ ಎಂದು ಅಕ್ಕೋರ ಅಪ್ಪ ಎಷ್ಟು ಕೈಮುಗಿದರೂ ಅವರು ಕೇಳಲಿಲ್ಲ. ನೆಪ ಹುಡುಕುತ್ತ ಕೂತವರಿಗೆ ಅಂಚೆಯಲ್ಲಿ ನೆಪ ಕಳಿಸಿದಂತಾಗಿತ್ತು. ಸಂಬಂಧ ಮುರಿಯಿತು.

ನಾನು ಆಗ ಮುದ್ರಣಾಲಯದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದೆ. ಮೂಲೆಯಲ್ಲಿ ಇಂದಿಗೂ ತೂತಿದೆ. ಅಕ್ಕೋರ ಅಪ್ಪ ಬಂದು ಕೂಗಾಡಿದರು. ಮಾಲೀಕರು ಎಲ್ಲರ ಎದುರು ದಾವಲಸಾಬನ ಕಡೆ ಬೆರಳು ತೋರಿಸಿ, ನಾಳೆಯಿಂದ ಬರಬೇಡ ಎಂದರು. ದಾವಲಸಾಬ ಒಮ್ಮೆ ನನ್ನ ಕಡೆ ನೋಡಿದ. ನನ್ನನ್ನು ಮೊಳೆಯಿಂದ ಕಿತ್ತು ಆ ನೀಲಿ ಸಹಿ ತೋರಿಸಿದ್ದರೆ ಸಾಕಿತ್ತು. ಕಿತ್ತದ್ದೇನೋ ನಿಜ, ಆದರೆ ಯಾರಿಗೂ ತೋರಿಸಲಿಲ್ಲ. ಉಳಿದ ಕಾರ್ಡುಗಳ ಕಟ್ಟಿನ ಮೇಲೆ ನನ್ನನ್ನಿಟ್ಟು ದಾರ ಕಟ್ಟಿ, ಅಕ್ಕೋರ ಮನೆಯ ಜಗಲಿಯಲ್ಲಿ ಇಳಿಸಿ ಹೋದ. ದಾರ ಬಿಚ್ಚಿದ ಅಕ್ಕೋರಿಗೆ ಮೊದಲು ಕಂಡದ್ದು ತಮ್ಮದೇ ಅಕ್ಷರ. ಅವರು ನನ್ನನ್ನು ಬೋರಲು ಹಾಕಿದರು. ಹೊರಗೆ ಅಪ್ಪ ಇನ್ನೂ ದಾವಲಸಾಬನನ್ನು ಬೈಯುತ್ತಿದ್ದರು. ಅಕ್ಕೋರು ಏನೂ ಹೇಳಲಿಲ್ಲ. ಅವರ ಮೇಲೆ ನನಗೆ ಮೊದಲ ಸಿಟ್ಟು ಬಂದದ್ದು ಆಗ.

ಊರಿಗೆ ಇಬ್ಬರನ್ನೂ ಆಡಿಕೊಳ್ಳಲು ವಿಷಯ ಸಿಕ್ಕಿತು. ಆದರೆ ಅಕ್ಕೋರನ್ನು ಬೆನ್ನ ಹಿಂದೆ ಆಡಿಕೊಂಡರು, ಅವನನ್ನು ಮುಖದ ಮುಂದೆ. ಅವನ ಹೆಸರೇ 'ಇಪ್ಪತ್ತೊಂಬತ್ತರ ದಾವಲಸಾಬ' ಎಂದಾಯಿತು. ಇನ್ನೊಂದು ಮುದ್ರಣಾಲಯವೂ ಅವನನ್ನು ಸೇರಿಸಿಕೊಳ್ಳಲಿಲ್ಲ. ವರ್ಷ ಕಳೆದ ಮೇಲೆ ಅಕ್ಕೋರು ಶಾಲೆಯ ದೊಡ್ಡಕ್ಕೋರಿಗೆ ಹೇಳಿ ಅವನನ್ನು ಅಲ್ಲಿ ಸಿಪಾಯಿ ಕೆಲಸಕ್ಕೆ ಹಚ್ಚಿಸಿದರು. ಸುತ್ತಿಗೆ ಹಿಡಿದು ಗಂಟೆ ಹೊಡೆಯುವ ಕೆಲಸ. ಅವರ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳಿದರು. ನಾನು ಮಾತ್ರ ಹೊಗಳಲಿಲ್ಲ.

ಅದಕ್ಕೂ ಮೊದಲೇ, ಲಗ್ನ ಮುರಿದ ವರ್ಷವೇ, ಅವರು ನಮ್ಮೆಲ್ಲರನ್ನೂ ದಿನಗಳಾಗಿ ಮಾಡಲು ಕೂತರು. ಇನ್ನು ಜೀವಮಾನದಲ್ಲಿ ಒಂದು ತಾರೀಖೂ ತಪ್ಪಬಾರದು ಎಂಬ ಹಟವೋ ಏನೋ. ಕಾಗದಕ್ಕೆ ಬರವಿದ್ದ ಕಾಲ, ನಮ್ಮ ಒಂದು ಮೈ ಖಾಲಿ ಇತ್ತು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ ಕೊಟ್ಟು, ಆ ದಿನ ಜಗತ್ತಿನಲ್ಲಿ ಏನೇನಾಯಿತೆಂದು ವಾಚನಾಲಯದಲ್ಲಿ ಹುಡುಕಿ ಬರೆದರು. ಲಗ್ನದ ಮಗ್ಗುಲನ್ನು ಖಾಕಿ ಕಾಗದ ಅಂಟಿಸಿ ಮುಚ್ಚಿದರು. ಅಪ್ಪನ ಮಗ್ಗದ ನೂಲು ಸುತ್ತಿದ ಕಂಡಿಕೆ ಇಡುವ ಪೆಟ್ಟಿಗೆ ನಮಗೆ ಮನೆಯಾಯಿತು. ನನ್ನನ್ನು ಎಲ್ಲರಿಗಿಂತ ಕೊನೆಗೆ ತೆಗೆದುಕೊಂಡರು. ಸಹಿ ಇದ್ದ ಕಾರ್ಡಿಗೆ ಬೇಕೆಂದೇ ಇಪ್ಪತ್ತೊಂಬತ್ತನ್ನು ಕೊಟ್ಟರು. ಬೆನ್ನಿನ ಮೇಲೂ ಅದೇ ತಾರೀಖು, ಎದೆಯ ಮೇಲೂ ಅದೇ. ಎಲ್ಲ ಬರೆದಾದ ಮೇಲೆ ಕೆಳಗೆ '1974' ಎಂದು ಬರೆದು, ಮುಂದಿನ ಸಾಲು ಖಾಲಿ ಬಿಟ್ಟರು.

ನನ್ನ ಮೇಲಿನ ಬಾಡಿಗೆದಾರರನ್ನು ಪರಿಚಯಿಸಬೇಕು, ನನ್ನ ಒಂಟಿತನದಲ್ಲಿ ಮಾತಿಗೆ ಸಿಕ್ಕುವವರು ಅವರೇ. ಮೇಲಿನ ಸಾಲಿನಲ್ಲಿ 1504ರ ಕೊಲಂಬಸ್. ಹಡಗು ಕೆಟ್ಟು ಜಮೈಕಾದಲ್ಲಿ ಸಿಕ್ಕಿಕೊಂಡಿದ್ದ. ಅಲ್ಲಿನವರು ಊಟ ಕೊಡುವುದನ್ನು ನಿಲ್ಲಿಸಿದಾಗ ಪಂಚಾಂಗ ತೆಗೆದು ನೋಡಿದ. ಅಂದು ಚಂದ್ರಗ್ರಹಣ. ದೇವರಿಗೆ ಸಿಟ್ಟು ಬಂದಿದೆ, ಚಂದ್ರನನ್ನು ಒಯ್ಯುತ್ತಾನೆ ಎಂದು ಹೆದರಿಸಿ ಊಟ ತರಿಸಿಕೊಂಡ. ಪಂಚಾಂಗ ಸರಿಯಾಗಿ ಓದಿದ್ದಕ್ಕೆ ಅವನಿಗೆ ಊಟ ಸಿಕ್ಕಿತು. ತಾರೀಖು ತಪ್ಪಾಗಿ ಓದಿದ್ದಕ್ಕೆ ನಮ್ಮೂರಿನ ನಾಲ್ಕು ನೂರು ಮನೆಗೆ ಊಟ ತಪ್ಪಿತು.

ಅವನ ಕೆಳಗೆ ಮೊರಾರ್ಜಿ ದೇಸಾಯಿ, ಹುಟ್ಟಿದ್ದು 1896. ಸಾವಿರದ ಒಂಬೈನೂರನೆಯ ಇಸವಿಗೆ ಫೆಬ್ರವರಿ ಇಪ್ಪತ್ತೊಂಬತ್ತು ಬರಲಿಲ್ಲ, ನೂರರಲ್ಲಿ ಮುಗಿಯುವ ವರ್ಷಗಳ ಹಣೆಬರಹ ಬಹಳ ಸಲ ಹಾಗೆ. ಆದ್ದರಿಂದ ಅವರ ಮೊದಲ ಹುಟ್ಟುಹಬ್ಬ ಬಂದದ್ದು ಎಂಟು ವರ್ಷ ತುಂಬಿದಾಗ, 1904ರಲ್ಲಿ. ಅದೇ ದಿನ ಮದುರೆಯಲ್ಲಿ ಹುಟ್ಟಿದವರು ನೃತ್ಯದ ರುಕ್ಮಿಣೀದೇವಿ ಅರುಂಡೇಲ್, ನನ್ನ ಮೂರನೆಯ ಸಾಲು. ಮುಂದೆ ಪ್ರಧಾನಿಯಾದಾಗ ಮೊರಾರ್ಜಿಯವರು ರುಕ್ಮಿಣೀದೇವಿಯವರಿಗೆ ರಾಷ್ಟ್ರಪತಿ ಆಗುತ್ತೀರಾ ಎಂದು ಕೇಳಿದರೆಂದೂ, ಅವರು ಒಲ್ಲೆ ಎಂದರೆಂದೂ ಹೇಳುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಮಾಡಿಕೊಳ್ಳುವವರಿಗೆ ಅವಸರ ಎಲ್ಲಿಯದು.

ನಾಲ್ಕನೆಯ ಸಾಲಿನಲ್ಲಿ 1960ರ ಅಗಾದಿರ್, ಮೊರಾಕ್ಕೋ ದೇಶದ ಊರು. ಅಂದು ಭೂಕಂಪವಾಗಿ ಸಾವಿರಾರು ಜನ ಸತ್ತರು. ಅಲ್ಲಿಗೆ ಬಂದರೆ ನನ್ನ ಹುಡುಗಾಟ ನಿಲ್ಲುತ್ತದೆ.

ನನಗೊಬ್ಬ ತಮ್ಮನೂ ಇದ್ದ. ಸ್ವೀಡನ್ ದೇಶದವರು ಕ್ಯಾಲೆಂಡರು ಬದಲಿಸಲು ಹೋಗಿ ಲೆಕ್ಕ ತಪ್ಪಿಸಿಕೊಂಡು, ಅದನ್ನು ಸರಿಪಡಿಸಲು 1712ರಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಸೇರಿಸಿದರು. ಅವನು ಒಂದೇ ಒಂದು ಸಲ ಬಂದು ಹೋದ. ನನಗೆ ಬಹಳ ಬೇಸರವಾದಾಗ ಅವನನ್ನು ನೆನೆದುಕೊಳ್ಳುತ್ತೇನೆ. ಇಡೀ ದೇಶವೇ ತಾರೀಖು ತಪ್ಪಿ, ತಪ್ಪಾಯಿತೆಂದು ಒಪ್ಪಿಕೊಂಡು, ತಿದ್ದಿಕೊಂಡಿತು. ಅದು ಅಷ್ಟು ಸುಲಭವೆಂದು ನಮ್ಮ ಅಕ್ಕೋರಿಗೆ ಯಾರು ಹೇಳಬೇಕಿತ್ತು?

ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ 'ದಿನದ ವಿಶೇಷ'. ದಾವಲಸಾಬ ಕಪಾಟಿನಿಂದ ಪೆಟ್ಟಿಗೆ ತಂದು ಮೇಜಿನ ಮೇಲಿಡುತ್ತಿದ್ದ, ಅಕ್ಕೋರು ಅಂದಿನ ಕಾರ್ಡು ತೆಗೆಯುತ್ತಿದ್ದರು, ಒಬ್ಬ ಹುಡುಗಿ ಓದುತ್ತಿದ್ದಳು. ನನ್ನ ಮೊದಲ ಸರದಿ 1976. ಎರಡು ವರ್ಷ ದಿನ ಎಣಿಸಿದ್ದೆ. ಅಂದು ಭಾನುವಾರ. ಫೆಬ್ರವರಿ ಇಪ್ಪತ್ತೆಂಟು ಹೋಗಿ ಬಂದ, ಮಾರ್ಚ್ ಒಂದು ಹೋಗಿ ಬಂದ, ನನ್ನನ್ನು ಯಾರೂ ಮುಟ್ಟಲಿಲ್ಲ. ಅತ್ತೆನೆಂದರೆ ಸುಳ್ಳಾದೀತು, ಶಾಯಿ ಕದಡುತ್ತದೆ. ಆದರೆ ಅಳು ಬಂದಿತ್ತು.

1980ರಲ್ಲಿ ಶುಕ್ರವಾರ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನನ್ನು ಓದಿದಳು. ಕೊಲಂಬಸನ ಊಟಕ್ಕೆ ಎಲ್ಲರೂ ನಕ್ಕರು. ನನಗೆ ಆದ ಸಂತೋಷ ಹೇಳತೀರದು. ಕೊನೆಗೆ ಅವಳು, "ಸಾವಿರದ ಒಂಬೈನೂರ ಎಪ್ಪತ್ನಾಕು..." ಎಂದು ನಿಂತಳು.

"ಮುಂದ ಏನೂ ಬರದಿಲ್ರಿ ಅಕ್ಕೋರ."

ಅಕ್ಕೋರು ನನ್ನನ್ನು ಕೈಗೆ ತೆಗೆದುಕೊಂಡರು. ಅವರ ಹೆಬ್ಬೆರಳು ನನ್ನ ಖಾಕಿ ಕಾಗದದ ಅಂಚನ್ನು ಕೆರೆಯುತ್ತಿತ್ತು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದರು. ಗಂಟೆಯ ಹತ್ತಿರ ನಿಂತಿದ್ದ ದಾವಲಸಾಬ ಅವರ ಮುಖ ನೋಡಿದ, ನೋಡಿ ಗಂಟೆ ಹೊಡೆದುಬಿಟ್ಟ. ಇನ್ನೂ ಎರಡು ನಿಮಿಷ ಬಾಕಿ ಇತ್ತು. ಅವರನ್ನು ಉಳಿಸಲು ಹೊಡೆದನೋ ತನ್ನನ್ನು ಉಳಿಸಿಕೊಳ್ಳಲು ಹೊಡೆದನೋ ಅಂದು ನನಗೆ ತಿಳಿಯಲಿಲ್ಲ.

ಎಂಬತ್ನಾಲ್ಕರಲ್ಲಿ, ಎಂಬತ್ತೆಂಟರಲ್ಲಿ ಓದುವ ಹುಡುಗಿಗೆ ಮೊದಲೇ ಹೇಳಿಟ್ಟಿದ್ದರು, ಕೊನೆಯ ಸಾಲು ಬಿಡು ಎಂದು. ಅಕ್ಕೋರ ಲೆಕ್ಕ ನನಗೆ ಆಗ ಅರ್ಥವಾಯಿತು. ಆ ಮಾತು ಹೇಳಲು ಯಾವ ಸೋಮವಾರವೂ ಸಾಕಾಗಿತ್ತು. ಆದರೆ ಅದನ್ನು ನಾಲ್ಕು ವರ್ಷಕ್ಕೊಮ್ಮೆ ಬರುವ ನನ್ನ ಬೆನ್ನಿಗೆ ಅಂಟಿಸಿದರೆ, ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹೆದರಿದರೆ ಸಾಕು.

ವರ್ಷಗಟ್ಟಲೆ ಕೈಯಾಡಿ ಬೇರೆ ಕಾರ್ಡುಗಳ ಖಾಕಿ ಕಾಗದ ಒಂದೊಂದಾಗಿ ಬಿಚ್ಚಿಕೊಂಡಿತು. ಹುಡುಗಿಯರು ಲಗ್ನದ ಮಗ್ಗುಲು ಓದಿದರು. ಮನೆಯಲ್ಲಿ ಕೇಳಿದರು, ಕಥೆ ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ವರ್ಷದ ಹುಡುಗಿಯರೂ ಅದನ್ನು ಮುಂದಿನ ವರ್ಷದವರಿಗೆ ದಾಟಿಸಿದರು. ಅಕ್ಕೋರ ಮುಂದೆ ಒಬ್ಬರೂ ಉಸಿರೆತ್ತಲಿಲ್ಲ. ದಾವಲಸಾಬನನ್ನು ಬಿಡಲಿಲ್ಲ. 1992ರ ನನ್ನ ದಿನ ಒಬ್ಬಳು ಪಡಸಾಲೆಯಲ್ಲಿ ಅವನನ್ನು ತಡೆದಳು.

"ದಾವಲಸಾಬಣ್ಣ, ಇವತ್ತರ ಖರೇನ ಇಪ್ಪತ್ತೊಂಬತ್ತು ಐತೇನು? ನಮ್ಮ ಅಕ್ಕೋರ ಲಗ್ನ ಕೆಡಿಸಿದಂಗ ನಮ್ಮ ಪರೀಕ್ಷಿ ಕೆಡಸಬ್ಯಾಡ ಮತ್ತ."

"ಇಲ್ಲಬೇ ತಂಗಿ, ಕ್ಯಾಲೆಂಡರ ನೋಡೇ ಬಂದೀನಿ," ಎಂದು ಅವನು ನಕ್ಕ. ಅಕ್ಕೋರು ನನ್ನನ್ನು ಹಿಡಿದುಕೊಂಡು ಬಾಗಿಲ ಒಳಗೇ ನಿಂತಿದ್ದರು. ಎಲ್ಲ ಕೇಳಿಸಿತ್ತು. ಅವರು ಹೊರಗೆ ಬರಲಿಲ್ಲ. ಹುಡುಗಿಯನ್ನು ಗದರಲೂ ಇಲ್ಲ. ಗದರಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನನ್ನನ್ನು ಪೆಟ್ಟಿಗೆಗೆ ಹಾಕಿದರು.

ಪೆಟ್ಟಿಗೆಯೊಳಗೆ ಒಂಟಿತನ ಹೇಗಿರುತ್ತದೆಂದು ಕೇಳಬೇಡಿ. ನನ್ನ ಬೆನ್ನಿಗೆ ಆತು ಕೂತವನು ಮಾರ್ಚ್ ಒಂದು. ಅಕ್ಕೋರ ಮದುವೆ ನಿಜವಾಗಿ ಆಗಬೇಕಿದ್ದ ದಿನ, ನನ್ನಿಂದ ಒಂದು ಕಾಗದದ ದಪ್ಪ ದೂರ. ನಿನ್ನ ಮೇಲೆ 1974ಕ್ಕೆ ಏನಾದರೂ ಬರೆದಿದ್ದಾರೇನೋ ಎಂದು ಒಮ್ಮೆ ಕೇಳಿದ್ದೆ. ಇಲ್ಲ ಎಂದ.

2004 ಮತ್ತೆ ಭಾನುವಾರ. ಮರುವರ್ಷ ದಾವಲಸಾಬ ನಿವೃತ್ತನಾದ. ಹಾರ ಹಾಕಿ ಕಳಿಸಿದವರೂ ಹಿಂದಿನಿಂದ ಅದೇ ಅಡ್ಡಹೆಸರಿನಲ್ಲಿ ಅವನನ್ನು ನೆನೆದರು. ಆ ಹೆಸರು ಅವನ ಜೊತೆ ಮಣ್ಣಿಗೆ ಹೋಗುತ್ತದೆ ಎಂದುಕೊಂಡೆ.

ಅಕ್ಕೋರಿಗೆ ಐವತ್ತೆಂಟು ತುಂಬಿದ್ದು 2008ರ ಫೆಬ್ರವರಿಯಲ್ಲಿ. ಸರಕಾರದ ನಿಯಮದಂತೆ ಆ ತಿಂಗಳ ಕೊನೆಯ ದಿನ ಅವರ ನಿವೃತ್ತಿ. ಆ ತಿಂಗಳ ಕೊನೆಯ ದಿನ ನಾನು. ಶುಕ್ರವಾರ, ರಜೆ ಇಲ್ಲ. ಇನ್ನು ಅವರಿಗೆ ಮುಂದೂಡಲು ದಿನ ಉಳಿದಿರಲಿಲ್ಲ.

ದಾವಲಸಾಬನಿಗೆ ಹೇಳಿ ಕಳಿಸಿದ್ದರು. ಬಿಳಿ ಅಂಗಿ ತೊಟ್ಟು ಬಂದು ಪಡಸಾಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ, ಗಂಟೆಯ ಕಡೆಗೇ ಕಣ್ಣು. ಅಂದು ನನ್ನನ್ನು ಅಕ್ಕೋರೇ ಓದಿದರು. ಕೊಲಂಬಸ್ ಬಂದ, ಮೊರಾರ್ಜಿ ಬಂದರು, ರುಕ್ಮಿಣೀದೇವಿ ಬಂದರು. ಅಗಾದಿರಿನ ಸತ್ತವರೂ ಬಂದರು. ಆಮೇಲೆ ಉಗುರಿನಿಂದ ನನ್ನ ಬೆನ್ನಿನ ಖಾಕಿ ಕಾಗದವನ್ನು ಸುಲಿದರು. ಮೂವತ್ನಾಲ್ಕು ವರ್ಷದ ಮೇಲೆ ನನ್ನ ಬೆನ್ನಿಗೆ ಗಾಳಿ ತಾಗಿತು.

"ಮಕ್ಕಳ, ಈ ಕಾರ್ಡಿನ ಹಿಂದ ಏನೈತಿ ನಿಮಗೆಲ್ಲಾ ಗೊತ್ತೈತಿ. ನಿಮಗ ಗೊತ್ತೈತಿ ಅನ್ನೂದು ನನಗೂ ಗೊತ್ತೈತಿ. ಇದರ ಮ್ಯಾಲೆ ಒಂದು ಹೆಚ್ಚಿಂದು ಐತಿ. 'ಉಳಿದದ್ದೆಲ್ಲ ಸರಿ ಇದೆ.' ಇದು ನನ್ನ ಅಕ್ಷರ, ನನ್ನ ಸಹಿ. ತಪ್ಪು ನೋಡಬೇಕಾದಾಕಿ ನಾನು, ನೋಡಲಿಲ್ಲ. ದಾವಲಸಾಬ್ರಿಗೆ ಊರು ಇಟ್ಟ ಹೆಸರು ನನಗ ಇಡಬೇಕಾಗಿತ್ತು. ಅವರ ಕೆಲಸ ಹೋತು, ನಾ ಬಾಯಿ ಬಿಡಲಿಲ್ಲ. ಇಷ್ಟ."

ಗಂಟೆ ಹೊಡೆಯಬೇಕಾದ ಹೊಸ ಸಿಪಾಯಿ ಸುತ್ತಿಗೆ ಹಿಡಿದು ನಿಂತೇ ಇದ್ದ.

ಹುಡುಗಿಯರು ತರಗತಿಗೆ ಹೋದ ಮೇಲೆ ಅಕ್ಕೋರು ಬಂದು ದಾವಲಸಾಬನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಅವರ ತೊಡೆಯ ಮೇಲೆ.

"ಅಕ್ಕೋರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದ ಅವನು. "ಆ ತಪ್ಪು ನನಗ ಕಂಡಿತ್ತರೀ."

"ಯಾವಾಗ?"

"ನೀವು ಸಹಿ ಮಾಡಿ ಕೊಟ್ಟ ಮ್ಯಾಲೆ. ಮಿಶಿನ್ನಿಗೆ ಹಾಕೂವಾಗ ಗ್ವಾಡಿ ಮ್ಯಾಲಿನ ಕ್ಯಾಲೆಂಡರ ಕಂಡ್ತು. ಇಪ್ಪತ್ತೆಂಟಕ್ಕ ಮುಗದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನಾ ನಾಕನೇತ್ತ ಕಲತಾಂವ. ನೀವು ತಾರೀಖಿನ ಅಕ್ಕೋರು, ಎಲ್ಲಾ ಸರಿ ಐತಿ ಅಂತ ಸಹಿ ಮಾಡೀರಿ. ಕ್ಯಾಲೆಂಡರನ ತಪ್ಪಿರಬೇಕು ಅನ್ಕೊಂಡ್ನಿ. ಹೊಳ್ಳಿ ನಿಮ್ಮ ಮನಿಗೆ ಬಂದು ಹೇಳಾಕ ಧೈರ್ಯ ಸಾಲಲಿಲ್ಲ. ಅದಕ್ಕ ಆ ಪ್ರೂಫ್ ಯಾರಿಗೂ ತೋರಸಲಿಲ್ಲ. ಎಂಬತ್ತರಾಗ ನೀವು ಹೇಳಾಕ ನಿಂತ್ರಿ, ನಾ ಗಂಟಿ ಹೊಡದ್ನಿ. ನೀವು ಹೇಳಿದ್ರ ನಾನೂ ಹೇಳಬೇಕಾಗ್ತಿತ್ತು."

ಮೂವತ್ತು ವರ್ಷ ಒಂದೇ ಶಾಲೆಯಲ್ಲಿ, ಒಂದೇ ಪೆಟ್ಟಿಗೆಯ ಆಚೆ ಈಚೆ ನಿಂತ ಇಬ್ಬರು. ಒಂದು ಮಾತು ಆಡಿದ್ದರೆ ಇಬ್ಬರ ಬದುಕೂ ಹಗುರಾಗುತ್ತಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಮೇಲೂ ಕನಿಕರ ಬಂತು.

ಕೊನೆಗೆ ಅಕ್ಕೋರು ಪೆನ್ನು ತೆಗೆದು ನನ್ನ ಖಾಲಿ ಸಾಲು ತುಂಬಿದರು. '1974: ಈ ದಿನ ಇರಲಿಲ್ಲ. ತಪ್ಪು ನನ್ನದು.' ಬರೆದು ನನ್ನನ್ನು ಅವನ ಕೈಗೆ ಕೊಟ್ಟರು.

"ಪ್ರೂಫ್ ನೋಡ್ರಿ. ಈ ಸಲ ತಪ್ಪು ಕಂಡ್ರ ಹೇಳ್ರಿ."

ಅವನು ಕನ್ನಡಕ ಹಾಕಿಕೊಂಡ. ನೆತ್ತಿಯ ತಾರೀಖಿನಿಂದ ಶುರುಮಾಡಿ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದ. ಅಷ್ಟು ನಿಧಾನವಾಗಿ ನನ್ನನ್ನು ಯಾರೂ ಓದಿರಲಿಲ್ಲ. ಕೊನೆಯ ಸಾಲಿಗೆ ಬಂದು ಅವರ ಪೆನ್ನು ಕೇಳಿ ಪಡೆದ. 'ನನ್ನದು' ಎಂಬುದನ್ನು ಹೊಡೆದು, ಪಕ್ಕಕ್ಕೊಂದು ಗೆರೆ ಎಳೆದು, ಅಂಚಿನಲ್ಲಿ 'ಇಬ್ಬರದೂ' ಎಂದು ತಿದ್ದಿದ. ಅದರ ಕೆಳಗೆ ಬರೆದ: 'ಉಳಿದದ್ದೆಲ್ಲ ಸರಿ ಇದೆ. ದಾ. ನದಾಫ.'

ಅಕ್ಕೋರು ಅದನ್ನು ಓದಿ ನಕ್ಕರು. 1974ರ ಜನವರಿಯಲ್ಲಿ ಹೊಸ್ತಿಲ ಮೇಲೆ ಕಂಡಿದ್ದ ಆ ಕಳೆ, ಹಲ್ಲು ಎರಡು ಹೋಗಿದ್ದರೂ, ಹಾಗೇ ಇತ್ತು.

ಆಮೇಲಿನದು ದೊಡ್ಡ ಕಥೆಯಲ್ಲ. ಈಗ ಶಾಲೆಯಲ್ಲಿ ದಿನದ ವಿಶೇಷವನ್ನು ಮೊಬೈಲು ನೋಡಿ ಓದುತ್ತಾರೆ. ಪೆಟ್ಟಿಗೆ ಕಪಾಟಿನ ನೆತ್ತಿಗೆ ಏರಿತು, ಅದರ ಮೇಲೆ ಹಳೆಯ ನಕಾಶೆಗಳ ಸುರುಳಿ ಬಿತ್ತು. ಈಗ ಮುನ್ನೂರ ಅರವತ್ತೈದು ಜನರೂ ನನ್ನಂತೆಯೇ ಒಳಗೆ ಕೂತಿದ್ದಾರೆ. ವರ್ಷಕ್ಕೊಮ್ಮೆ ಹೋಗಿ ಅಭ್ಯಾಸವಾದವರು, ಕಾಯುವುದು ಗೊತ್ತಿಲ್ಲ, ಗೋಳಾಡುತ್ತಾರೆ. ನಾನು ಸಮಾಧಾನ ಹೇಳುತ್ತೇನೆ. ದಾವಲಸಾಬ ಹೋದನೆಂದು ಕೆಳಗೆ ಯಾರೋ ಮಾತಾಡಿದ್ದು ಕೇಳಿಸಿತು, ದಾವಲಸಾಬ ಎಂದಷ್ಟೇ ಅಂದರು, ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ಅಕ್ಕೋರ ಸುದ್ದಿ ತಿಳಿಯದು.

ನನ್ನ ಮೇಲೆ ತಿದ್ದಬೇಕಾದದ್ದು ಇನ್ನೇನೂ ಉಳಿದಿಲ್ಲ. ಓದುವವರು ಮಾತ್ರ ಬೇಕು. ಮುಂದಿನ ಸರದಿ 2028ಕ್ಕೆ. ಎರಡೆರಡು ಸಲ ಲೆಕ್ಕ ಹಾಕಿ ನೋಡಿದ್ದೇನೆ, ಅಂದು ಮಂಗಳವಾರ. ಶಾಲೆ ಇರುತ್ತದೆ.